ಹತ್ತು ರೂಪಾಯಿ ಚಿಲ್ಲರೆ



ನಮ್ಮ ಕಟ್ಟಡದಲ್ಲಿ ಆಟಿಸಂ ಇರುವ ಹುಡುಗನೊಬ್ಬನಿದ್ದಾನೆ. ಪ್ರತಿ ಶನಿವಾರ ಅವನನ್ನು ಮಾಟುಂಗ ಮಾರುಕಟ್ಟೆಗೆ ಕರೆದೊಯ್ಯುತ್ತೇನೆ. ಕೊತ್ತಂಬರಿ ಕೊಂಡು, ಹತ್ತು ರೂಪಾಯಿ ಚಿಲ್ಲರೆ ತಾನೇ ಎಣಿಸಿ ಪಡೆಯುವುದಕ್ಕೆ ಎಂಟು ತಿಂಗಳು ಹಿಡಿಯಿತು. ಬ್ಯಾಂಕಿನಲ್ಲಿ ಅಷ್ಟು ವರ್ಷ ನೋಟು ಎಣಿಸಿದವನು ನಾನು; ಅಂದಿನ ಸಂತೋಷವೇ ಬೇರೆ.

“ನಮ್ಮ ನಂತರ ಇವನಿಗೆ ಯಾರು?” ಎನ್ನುತ್ತಾರೆ ಅವನ ತಾಯಿ.

ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ ಇಂಥ ಮಕ್ಕಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಅರ್ಜಿ ತುಂಬಿಕೊಡಲು ನಾನು ಸಿದ್ಧ. ಆದರೆ ಥೆರಪಿಗೆ ಅದರಲ್ಲಿ ಸಿಗುವುದು ಒಂದು ಪಾಲು ಮಾತ್ರ. ಉಳಿದದ್ದಕ್ಕೆ ನಮ್ಮ ವೈದ್ಯಕೀಯ ನಿಧಿಗೆ ಕೈಜೋಡಿಸಿ.

ಇನ್ನೊಂದು ಕೋರಿಕೆ. ರಾಜ್ಯೋತ್ಸವದಂದು ಈ ಮಕ್ಕಳನ್ನು ಮೂಲೆಯಲ್ಲಿ ಕೂರಿಸಬೇಡಿ. ಹೆಸರು ಹಿಡಿದು ಕರೆಯಿರಿ, ಪಂಕ್ತಿಯಲ್ಲಿ ನೀರು ಬಡಿಸಲು ಹೇಳಿ. ಆ ತಾಯಿಯ ಪ್ರಶ್ನೆಗೆ ಉತ್ತರ ನಾವೇ ಆಗಬೇಕು.