ಬಾವುಟ ಹಿಡಿದವರು

(ವಾರ್ಷಿಕೋತ್ಸವದ ಭಾಷಣ)



ಶಿಕಾಗೋದಿಂದ ಕಾರು ಓಡಿಸಿಕೊಂಡು ಬಂದಿರುವ ನಾನು ವೈದ್ಯ, ಇತಿಹಾಸಕಾರನಲ್ಲ. ಆದರೂ ನಿಮ್ಮ ಕೂಟದ ಈ ಹುಟ್ಟುಹಬ್ಬದಂದು ಬಾವುಟ ಹಿಡಿದವರ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ರೋಮನ್ ಸೈನ್ಯದಲ್ಲಿ ಲೀಜನ್ ಎಂಬ ಪ್ರತಿ ದೊಡ್ಡ ಪಡೆಗೂ ಕೋಲಿನ ತುದಿಯಲ್ಲಿ ಹದ್ದಿನ ಲಾಂಛನವಿತ್ತು. ಅದು ಶತ್ರುವಿನ ಪಾಲಾದರೆ ಇಡೀ ಪಡೆಗೇ ಅವಮಾನ. ಕ್ರಿ.ಪೂ. 53ರಲ್ಲಿ ಪಾರ್ಥಿಯನ್ನರ ವಶವಾದ ಲಾಂಛನಗಳನ್ನು ಅಗಸ್ಟಸ್ ಮಾತುಕತೆಯಿಂದ ಮರಳಿ ಪಡೆದದ್ದು ಕ್ರಿ.ಪೂ. 20ರಲ್ಲಿ. ಚಿಕ್ಕ ತುಕಡಿಗಳ ಧ್ವಜಧಾರಿಗೆ ಸೈನಿಕರ ಉಳಿತಾಯದ ಹಣದ ಲೆಕ್ಕವನ್ನೂ ಒಪ್ಪಿಸುತ್ತಿದ್ದರು. ನಮ್ಮ ಖಜಾಂಚಿಗಳು ಗಮನಿಸಬೇಕು!

ನಮ್ಮಲ್ಲೂ ಬಾದಾಮಿ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ ಲಾಂಛನವಾಗಿತ್ತು. ವಿನಯಾದಿತ್ಯನ ಕಾಲದಲ್ಲಿ ಉತ್ತರದ ದೊರೆಗಳಿಂದ ಪಾಳಿಧ್ವಜ ಗೆದ್ದದ್ದನ್ನು ಚಾಲುಕ್ಯ ಶಾಸನಗಳು ಹೆಮ್ಮೆಯಿಂದ ಹೇಳುತ್ತವೆ. ಹೊತ್ತವರ ಹೆಸರು ಮಾತ್ರ ಉಳಿದಿಲ್ಲ.

ಹೆಸರು ಉಳಿದ ಕಥೆ ನಿಮ್ಮ ಊರಿನದೇ. 1862ರಲ್ಲಿ ಡಿಟ್ರಾಯಿಟ್ ಮತ್ತು ವೇಯ್ನ್ ಕೌಂಟಿಯ ಜನರಿಂದ 24ನೇ ಮಿಷಿಗನ್ ಪಡೆ ಕಟ್ಟಲಾಯಿತು. 1863ರ ಜುಲೈ 1ರಂದು ಗೆಟ್ಟಿಸ್‌ಬರ್ಗ್‌ನಲ್ಲಿ 496 ಮಂದಿ ಕಾಳಗಕ್ಕಿಳಿದರು. ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ 363 ಮಂದಿ ಕಳೆದುಹೋದರು. ಬಂದೂಕಿನ ಹೊಗೆಯಲ್ಲಿ ತಮ್ಮ ಸಾಲು ಎಲ್ಲಿದೆಯೆಂದು ತಿಳಿಯಲು ಬಾವುಟವೇ ಗುರುತು. ಶತ್ರುವಿನ ಗುರಿಯೂ ಅದೇ. ಮೊದಲು ಬಿದ್ದವನು ಏಬೆಲ್ ಪೆಕ್. ಬಳಿಕ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ. ಕೊನೆಗೆ ಕರ್ನಲ್ ಹೆನ್ರಿ ಮಾರೋ ತಾವೇ ಹಿಡಿದರು. ನಾನು ಬದುಕಿರುವಾಗ ಕರ್ನಲ್ ಇದನ್ನು ಹೊರಬಾರದೆಂದು ವಿಲಿಯಂ ಕೆಲಿ ಕಸಿದುಕೊಂಡ. ಮರುಕ್ಷಣವೇ ಗುಂಡಿಗೆ ಬಲಿಯಾದ. ಮಾರೋ ಮತ್ತೆ ಎತ್ತಿಕೊಂಡರು, ತಲೆಗೆ ಗಾಯವಾಗುವವರೆಗೂ.

ಇದನ್ನು ಓದಿದಾಗ ರೆಸಿಡೆನ್ಸಿಯ ದಿನಗಳು ನೆನಪಾದವು. ರಾತ್ರಿ ಪಾಳಿ ಮುಗಿದಾಗ ರೋಗಿಗಳ ಪಟ್ಟಿ ಕೊಟ್ಟು ಹೊರಟುಬಿಡುವಂತಿರಲಿಲ್ಲ. ಬಂದವನಿಗೆ ಪ್ರತಿ ರೋಗಿಯ ಸ್ಥಿತಿಯೂ ಅರ್ಥವಾಯಿತೆಂದು ಖಾತ್ರಿಯಾಗಬೇಕಿತ್ತು.

ಮನೆಯಲ್ಲಿ ನಾನು ಈ ಪಾಠ ಮರೆತೆ. ಕಳೆದ ರಾಜ್ಯೋತ್ಸವದಂದು ನನ್ನ ಮಗ ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟ ಹಿಡಿದು ಮೆರವಣಿಗೆಯ ಮುಂದೆ ನಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿನ ಕನ್ನಡ ಬರಹ ತೋರಿಸಿ, "ಅಪ್ಪಾ, ಏನು ಬರೆದಿದೆ?" ಎಂದ. ತಪ್ಪು ಅವನದಲ್ಲ. ಕೋಲು ಕೊಟ್ಟ ನಾನು ಅಕ್ಷರ ಕೊಟ್ಟಿರಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕಾಗುಣಿತ ನಡೆಯುತ್ತಿದೆ. ನಿಮ್ಮ ಮನೆಗಳಲ್ಲೂ ನಡೆಯಲಿ. ಈ ಸ್ಮರಣ ಸಂಚಿಕೆಯನ್ನು ನಮ್ಮ ಮಕ್ಕಳು ತಾವೇ ಓದುವಂತಾಗಲಿ.