ಮುಕ್ಕಾಲಿಯೋ ಒಂಟಿಕಾಲೋ?



ರಜೆಯಲ್ಲಿ ಊರ ಕಡೆ ಹೊರಡುವವರು ಕ್ಯಾಮೆರಾಕ್ಕೆ ಮೂರು ಕಾಲಿನ ಟ್ರೈಪಾಡ್ ಕೊಳ್ಳಬೇಕೋ ಒಂದೇ ಕಾಲಿನ ಮೊನೊಪಾಡ್ ಸಾಕೋ ಎಂದು ಕೇಳುವುದುಂಟು. ನಾವು ಗಿರಣಿಯ ಗುಮಾಸ್ತರು, ಪಂಡಿತರಲ್ಲ. ಎರಡನ್ನೂ ಹೊತ್ತು ಕಂಡದ್ದನ್ನಷ್ಟೇ ಹೇಳುತ್ತೇವೆ.

ಬಾದಾಮಿಯ ಮೂರನೆಯ ಗುಹೆಯನ್ನೇ ನೋಡಿ. ಕ್ರಿ.ಶ. 578ರ ಶಾಸನವಿರುವ ಗುಹೆ. ಹೊರಗೆ ಸುಡುಬಿಸಿಲು, ಒಳಗೆ ಮಬ್ಬು. 50 ಮಿಲಿಮೀಟರಿನ ಮಸೂರವಾದರೆ ಬರಿಗೈಯಲ್ಲಿ ಸೆಕೆಂಡಿನ 1/50 ಭಾಗಕ್ಕಿಂತ ನಿಧಾನವಾದಂತೆ ಚಿತ್ರ ಅಲುಗತೊಡಗುತ್ತದೆ. ಮೊನೊಪಾಡನ್ನು ಊರಿ, ಕಾಲಗಲಿಸಿ, ಉಸಿರು ಬಿಗಿಹಿಡಿದರೆ 1/10ರವರೆಗೂ ಇಳಿಯಬಹುದು. ಟ್ರೈಪಾಡ್ ಪೂರ್ತಿ ಸೆಕೆಂಡುಗಳೇ ಅಲುಗದೆ ನಿಂತೀತು, ನಿಜ. ಆದರೆ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಅದನ್ನು ಹೂಡಲು ಮುಂಚಿತವಾಗಿ ಅನುಮತಿ ಪಡೆಯಬೇಕು. ರೈಲಿನ ಜನರಲ್ ಡಬ್ಬಿಯಲ್ಲಂತೂ ನಮ್ಮ ಎರಡು ಕಾಲಿಗೇ ಜಾಗವಿಲ್ಲ, ಅದರ ಮೂರಕ್ಕೆಲ್ಲಿ! ಪ್ರವಾಸಕ್ಕೆ ಮೊನೊಪಾಡೇ ಸರಿ.

ಹಾಗೆಂದೇ ಐದು ವರ್ಷ ಅದನ್ನೇ ಒಯ್ದೆವು. ಒಮ್ಮೆ ಚಿತ್ರಗಳನ್ನೆಲ್ಲ ಹರಡಿ ನೋಡಿದರೆ ತಾಯಿಯವರಿದ್ದರು, ಮಕ್ಕಳಿದ್ದರು, ಎತ್ತುಗಳೂ ಇದ್ದವು. ನಾವು ಮಾತ್ರ ಒಂದರಲ್ಲೂ ಇರಲಿಲ್ಲ. ಒಂಟಿಕಾಲು ತಾನಾಗಿ ನಿಲ್ಲದು, ಹಿಡಿದವನು ಹಿಂದೆಯೇ ಉಳಿಯಬೇಕು. ಮರುವರ್ಷ ಮಿತ್ರರೊಬ್ಬರ ಟ್ರೈಪಾಡನ್ನು ಎರವಲು ಒಯ್ದು, ಅಂಗಳದಲ್ಲಿ ನಿಲ್ಲಿಸಿ, ಟೈಮರ್ ಒತ್ತಿ, 10 ಸೆಕೆಂಡಿನೊಳಗೆ ಓಡಿ ತಾಯಿಯವರ ಪಕ್ಕಕ್ಕೆ ನಿಂತೆವು. ಅವರು ಕ್ಯಾಮೆರಾ ಬಿಟ್ಟು ನಮ್ಮನ್ನೇ ನೋಡುತ್ತಿದ್ದಾರೆ. ಅವರೊಡನೆ ನಾವಿರುವ ಚಿತ್ರ ಅದೊಂದೇ.

ಆ ಟ್ರೈಪಾಡನ್ನು ಮಿತ್ರರು ಈಗ ವಾಚನಾಲಯಕ್ಕೇ ಕೊಟ್ಟಿದ್ದಾರೆ. ಊರಿಗೆ ಹೋಗುವವರು ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಬಹುದು.