ಹುಳಿಗೆ ಯಾವ ಪಾತ್ರೆ?



ಹಳೆಯ ಮನೆಗಳ ಅಟ್ಟದ ಮೇಲೆ ಕಪ್ಪಿಟ್ಟು ಕುಳಿತಿದ್ದ ತಾಮ್ರ, ಹಿತ್ತಾಳೆಯ ಪಾತ್ರೆಗಳು ಈಗ ಮತ್ತೆ ಕೆಳಗಿಳಿಯುತ್ತಿವೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಫಳಫಳ ಹೊಳೆಯುತ್ತವೆ. ಅಜ್ಜಿಯ ಕಾಲದ ರುಚಿ ಬೇಕೆಂದು ಅದರಲ್ಲೇ ಸಾರಿಗೆ ಇಡುವವರೂ ಇದ್ದಾರೆ. ಆದರೆ ಅಜ್ಜಿ ಹಾಗೆ ಮಾಡುತ್ತಿರಲಿಲ್ಲ. ಕಲಾಯಿ ಇಲ್ಲದ ತಾಮ್ರದ ಹಂಡೆಯಲ್ಲಿ ಆಕೆ ಸ್ನಾನದ ನೀರು ಕಾಯಿಸುತ್ತಿದ್ದಳೇ ಹೊರತು ಹುಳಿ ಕುದಿಸುತ್ತಿರಲಿಲ್ಲ.

ಹುಣಸೆ, ಟೊಮೆಟೊ, ಮಜ್ಜಿಗೆಗಳಲ್ಲಿರುವ ಆಮ್ಲ ಪಾತ್ರೆಯ ಕಿಲುಬನ್ನು ಕರಗಿಸುತ್ತದೆ. ಉಜ್ಜಿದಾಗ ಹೊಳಪು ಬರುವುದು ಅದಕ್ಕೇ. ಅದೇ ಕೆಲಸ ಒಲೆಯ ಮೇಲೆ ನಡೆದರೆ ತಾಮ್ರ ಸಾರಿಗೆ ಇಳಿಯುತ್ತದೆ. ಪ್ರಮಾಣ ಹೆಚ್ಚಾದರೆ ವಾಂತಿ, ಹೊಟ್ಟೆನೋವು. ತಾಮ್ರಕ್ಕೆ ಸತು ಬೆರೆಸಿದ ಹಿತ್ತಾಳೆಯದೂ ಇದೇ ಕಥೆ.

ಇದಕ್ಕೆ ಕಂಡುಕೊಂಡ ಉಪಾಯವೇ ಕಲಾಯಿ. ನೆಲದಲ್ಲಿ ಗುಂಡಿ ತೋಡಿ, ತಿದಿಯೊತ್ತಿ, ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ ನವಸಾಗರದ ಪುಡಿ ಎರಚಬೇಕು. ಬಿಳಿ ಹೊಗೆಯೆದ್ದು ಲೋಹ ಶುದ್ಧವಾಗುತ್ತದೆ. ಆಗ ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಿಂದ ಸವರಿದರೆ ಒಳಮೈಯೆಲ್ಲ ಬೆಳ್ಳಿಯಂತೆ. ಬೀದಿಯಲ್ಲಿ ಕುಳಿತು ಇದನ್ನು ನೋಡಿದ ಮಕ್ಕಳಿಗೆ ಬೇರೆ ಜಾದೂ ಬೇಕಿರಲಿಲ್ಲ! ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನೀರಿರುವ ಸಾರು ಕುದಿಯುವುದು 100 ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ ಭಯವಿಲ್ಲ. ಬರಿ ಪಾತ್ರೆಯನ್ನು ಉರಿಯ ಮೇಲೆ ಮರೆತರೆ ಮಾತ್ರ ಕಲಾಯಿ ಹೋದಂತೆಯೇ. ಒಗ್ಗರಣೆಗೆ ಪ್ರತ್ಯೇಕ ಕಬ್ಬಿಣದ ಸೌಟು ಇಟ್ಟುಕೊಂಡವರು ಜಾಣರು.

ಕರಾವಳಿಯ ಮೀನುಸಾರಿಗೆ ಮಣ್ಣಿನ ಗಡಿಗೆಯೇ ಸರಿ. ಹುಳಿಗೆ ಅದು ಜಗ್ಗುವುದಿಲ್ಲ. ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಸೌಟಾಡಿಸಿ ಮೀನು ಮುರಿಯುವ ಬದಲು ಗಡಿಗೆಯನ್ನೇ ಹಿಡಿದು ಅಲ್ಲಾಡಿಸುತ್ತಾರೆ. ಬಳಪದ ಕಲ್ಲಿನ ಪಾತ್ರೆಯದೂ ಇದೇ ಸ್ವಭಾವ, ಇಳಿಸಿದ ಮೇಲೂ ಹುಳಿ ಕೊತಕೊತ ಎನ್ನುತ್ತಿರುತ್ತದೆ. ಆದರೆ ಬಿಸಿ ಕಲ್ಲಿಗೆ ತಣ್ಣೀರು ಸುರಿದರೆ ಬಿರುಕು ಖಂಡಿತ.

ದೋಸೆಗೆ, ರೊಟ್ಟಿಗೆ ಕಬ್ಬಿಣ. ಎಣ್ಣೆ ಕುಡಿದು ಪಳಗಿದ ಕಾವಲಿಯಿಂದ ದೋಸೆ ತಾನಾಗಿ ಏಳುತ್ತದೆ. ಅದರಲ್ಲಿ ಹುಳಿ ಕುದಿಸಿದರೆ ಸ್ವಲ್ಪ ಕಬ್ಬಿಣದಂಶ ಸೇರಿ ಪದಾರ್ಥ ಕಪ್ಪಗಾಗುತ್ತದೆ. ಬಹುತೇಕರಿಗೆ ಅದರಿಂದ ಅಪಾಯವಿಲ್ಲ, ರುಚಿ ಮಾತ್ರ ಕೆಡುತ್ತದೆ.

ಸ್ಟೀಲಿನ ವಿಷಯ ತಿರುಗುಮುರುಗು. ಹುಳಿಗೆ ಜಪ್ಪಯ್ಯ ಎನ್ನದ ಲೋಹ, ಆದರೆ ಶಾಖ ಹರಡುವುದರಲ್ಲಿ ಸೋಮಾರಿ. ತಾಮ್ರ ಅದಕ್ಕಿಂತ 20 ಪಟ್ಟಿಗೂ ಹೆಚ್ಚು ಚುರುಕು. ತೆಳು ಸ್ಟೀಲಿನಲ್ಲಿ ಪಾಯಸ ತಳ ಹಿಡಿಯುವುದು ಈ ಕಾರಣಕ್ಕೇ. ಅಡಿ ದಪ್ಪವಿರುವುದನ್ನೇ ಕೊಳ್ಳಬೇಕು.

ಕುಕ್ಕರಿನೊಳಗೆ ಆವಿಯ ಒತ್ತಡದಿಂದ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ, ಬೇಳೆ ಬೇಗ ಬೇಯುತ್ತದೆ. ರಾಗಿ ಮುದ್ದೆಗೆ ಕೋಲಾಡಿಸಲು ಬಾಯಿ ತೆರೆದ ಪಾತ್ರೆಯೇ ಬೇಕಲ್ಲ!

ಅಟ್ಟದಿಂದ ಪಾತ್ರೆ ಇಳಿಸುವವರು ಮೊದಲು ಒಳಗೆ ಬೆಳಕು ಹಿಡಿದು ನೋಡಲಿ. ಬೆಳ್ಳಿ ಬಣ್ಣದ ನಡುವೆ ಕೆಂಪೋ ಹಳದಿಯೋ ಇಣುಕಿದರೆ ಕಲಾಯಿಯವರನ್ನು ಹುಡುಕಬೇಕು. ಸೀಸ ಬೆರೆಸದ ಶುದ್ಧ ತವರವೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಅದುವರೆಗೆ ಹುಳಿ ಸ್ಟೀಲಿನಲ್ಲೇ ಕುದಿಯಲಿ.